ಹಳೇ ಅಂಗಡಿಯವರು ಕಿಲೋಗೆ 70 ರೂಪಾಯಿ ಇಳಿಸಿದ್ದಾರೆ, ನಾನೂ ಇಳಿಸಬೇಕಾ?

ಸಾಲಗಾಮೆ ರಸ್ತೆ ಕಾಫಿಪುಡಿ, ಹಾಸನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ. ಲೆಕ್ಕ ಪೂರ್ತಿ ಮುಂದಿಡದೆ ಸಲಹೆ ಕೇಳೋದು ನನಗೆ ಸರಿ ಕಾಣಲಿಲ್ಲ.

ನಮ್ಮೂರು ಆಲೂರು ಕಡೆ. ಅಪ್ಪನಿಗೆ ಆರು ಎಕರೆ ಕಾಫಿ ತೋಟ, ಬಹುಪಾಲು ರೋಬಸ್ಟಾ, ಮೇಲಿನ ದಿಬ್ಬದಲ್ಲಿ ಮಾತ್ರ ಅರೇಬಿಕಾ. ಚಿಕ್ಕವಳಿದ್ದಾಗಿಂದ ನಾನು ನೋಡಿದ್ದು ಒಂದೇ: ಕಣದಲ್ಲಿ ಚೆರಿ (ಕಾಫಿ ಹಣ್ಣು) ಒಣಗಿಸೋದು, 50 ಕಿಲೋ ಚೀಲ ಹೊಲಿಯೋದು, ವ್ಯಾಪಾರಿ ಹೇಳಿದ ರೇಟಿಗೆ ಗಾಡಿ ಹತ್ತಿಸೋದು. ಬೆಂಗಳೂರಲ್ಲಿ ಏಳು ವರ್ಷ ಅಕೌಂಟ್ಸ್ ಕೆಲಸ ಮಾಡಿ ವಾಪಸ್ ಬಂದಾಗ, ನಮ್ಮ ಬೀಜ ನಾವೇ ಹುರಿದು ಮಾರಬೇಕು ಅನ್ನೋ ಆಸೆ ಗಟ್ಟಿಯಾಯ್ತು. ಐದು ತಿಂಗಳ ಹಿಂದೆ ಸಾಲಗಾಮೆ ರಸ್ತೆಯಲ್ಲಿ ಸಣ್ಣದೊಂದು ಮಳಿಗೆ ಹಿಡಿದೆ.

ಹಾಕಿದ್ದು 7 ಲಕ್ಷ. 5 ಕಿಲೋ ರೋಸ್ಟರ್ 2.8 ಲಕ್ಷ, ಗ್ರೈಂಡರ್ 60 ಸಾವಿರ, ಮಳಿಗೆ ಅಡ್ವಾನ್ಸ್ 1.5 ಲಕ್ಷ, ಥ್ರೀ ಫೇಸ್ ವೈರಿಂಗು, ಹೊಗೆ ಕೊಳವೆ, ಬೋರ್ಡು, ಬಣ್ಣ ಎಲ್ಲ ಸೇರಿ 1.3 ಲಕ್ಷ, ಮೊದಲ ಬೀಜಕ್ಕೆ 80 ಸಾವಿರ. ಬಾಡಿಗೆ, ಹುಡುಗನ ಸಂಬಳ, ಕರೆಂಟು ಸೇರಿ ತಿಂಗಳಿಗೆ 26,000.

ಈಗ ಪುಡಿಯ ಅಸಲು. ಹಸಿ ಬೀಜ ಕಿಲೋಗೆ 450 ಅಂತ ಇಟ್ಟುಕೊಂಡಿದ್ದೀನಿ. ಅಪ್ಪನ ಹತ್ತಿರ ತಗೊಂಡರೂ ಮಾರ್ಕೆಟ್ ರೇಟೇ ಹಾಕ್ಕೋತೀನಿ, ಇಲ್ಲದಿದ್ರೆ ಅಂಗಡಿ ಲಾಭ ತೋಟದ ಲಾಭ ಎರಡೂ ಕಲಸಿ ಹೋಗುತ್ತೆ. ಹುರಿದಾಗ ಒಂದು ಕಿಲೋ 830 ಗ್ರಾಂ ಆಗುತ್ತೆ, ಅಂದ್ರೆ ಹುರಿದ ಬೀಜ 542. ಎಪ್ಪತ್ತಕ್ಕೆ ಮೂವತ್ತು ಚಿಕೋರಿ ಸೇರಿಸಿ, ಗ್ಯಾಸು, ಪ್ಯಾಕಿಂಗ್ ಹಾಕಿದರೆ ಪುಡಿ ಕಿಲೋಗೆ 440 ಬೀಳುತ್ತೆ. ಮಾರೋದು 600ಕ್ಕೆ. ನನ್ನಿಂದ ಇನ್ನೂರು ಹೆಜ್ಜೆ ದೂರದಲ್ಲಿ ನಲವತ್ತು ವರ್ಷದಿಂದ ಇರೋ ಅಂಗಡಿಯಲ್ಲೂ 600 ಇತ್ತು.

ಮೂರು ತಿಂಗಳು ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎದುರಾದರೆ "ಹೇಗಿದೆಯಮ್ಮ ವ್ಯಾಪಾರ" ಅಂತ ಕೇಳೋರು. ಕೌಂಟರಲ್ಲಿ ದಿನಕ್ಕೆ 6 ಕಿಲೋ ಹೋಗ್ತಿತ್ತು (ತಿಂಗಳಿಗೆ 26 ದಿನದ ಲೆಕ್ಕ). ಆಮೇಲೆ ಹೊಸ ಬಸ್ ನಿಲ್ದಾಣದ ಹತ್ತಿರದ ಒಂದು ಹೋಟೆಲಿಗೆ ದಿನಕ್ಕೆ 2 ಕಿಲೋ ಹಾಕೋಕೆ ಶುರು ಮಾಡಿದೆ. ಅಂಗಡಿ ಮೊದಲ ಸಲ ಖರ್ಚು ಕಳೆದು 7,000 ಉಳಿಸಿದ ತಿಂಗಳು ಅದು. ಅದಾಗಿ ವಾರಕ್ಕೆ ಅವರ ಬಾಗಿಲ ಪಕ್ಕದ ಕರಿಹಲಗೆಯಲ್ಲಿ 600 ಒರೆಸಿ 530 ಬರೆದಿದ್ದರು. ಒದ್ದೆ ಬಟ್ಟೆಯ ಗುರುತು ಇನ್ನೂ ಆರಿರಲಿಲ್ಲ. ನಾನು ಮಗಳನ್ನ ಸ್ಕೂಲಿಗೆ ಬಿಡೋಕೆ ಹೋಗುವಾಗ ನೋಡಿದೆ. ಅವತ್ತು ಸಂಜೆ ನಮ್ಮ ಖಾಯಂ ಗಿರಾಕಿ, ರಿಟೈರ್ಡ್ ಮೇಷ್ಟ್ರು, ಸ್ಟೀಲ್ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತು, "ಅಲ್ಲಿ 530 ಅಂತೆ ಕಣಮ್ಮ" ಅಂದರು. ತಗೊಂಡು ಹೋದದ್ದು ಕಾಲು ಕಿಲೋ. ಆಮೇಲೆ ಬಂದಿಲ್ಲ.

ಎರಡು ತಿಂಗಳಾಯ್ತು. ಹೋಟೆಲು ವಾಪಸ್ ಅವರ ಕಡೆಗೇ ಹೋಯ್ತು. ಕೌಂಟರು 5 ಕಿಲೋಗೆ ಇಳಿದಿದೆ. ತಿಂಗಳಿಗೆ 5,200 ಕೈಯಿಂದ ಹಾಕ್ತಿದ್ದೀನಿ. ನಾನೂ 530 ಮಾಡಿದರೆ ಕಿಲೋಗೆ ಉಳಿಯೋದು 90. ಆಗ ಬರೀ ಖರ್ಚು ಹುಟ್ಟೋಕೇ ದಿನಕ್ಕೆ 11 ಕಿಲೋ ಮೇಲೆ ಮಾರಬೇಕು.

ನನ್ನ ಪ್ರಶ್ನೆಗಳು. ಅವರು ಎಷ್ಟು ದಿನ ಹೀಗೆ ಮಾಡಬಹುದು? ಹೀಗೆ ರೇಟು ಮುರಿಯೋದಕ್ಕೆ ಕಾನೂನಿನ ತಡೆ ಏನಾದ್ರೂ ಇದೆಯಾ? ಮತ್ತೊಂದು, ಬ್ಯಾಂಕಿನವರು ಮುದ್ರಾ ಯೋಜನೆಯಲ್ಲಿ 4 ಲಕ್ಷ ಕೊಡ್ತೀವಿ, 15 ಕಿಲೋ ರೋಸ್ಟರ್ ಹಾಕಿ ಅಂತಿದ್ದಾರೆ. ದೊಡ್ಡದು ಮಾಡಿದರೆ ಅಸಲು ಇಳಿಯುತ್ತೆ, ಆಗ ಅವರಿಗೆ ಸರಿಸಮ ನಿಲ್ಲಬಹುದು ಅಂತ ನನ್ನ ಗಂಡನ ಮಾತು. ನನಗೆ ಧೈರ್ಯ ಸಾಲ್ತಿಲ್ಲ.

ಮಾರ್ಕೆಟ್ ರಸ್ತೆ ಹಳಬ, ಚಿಕ್ಕಮಗಳೂರು

ನೋಡಮ್ಮ, ನಾನು ಆ ಕಡೆಯವನು. ಅಂದ್ರೆ ನಿನ್ನ ಎದುರಿಗಿರೋ ಹಳೇ ಅಂಗಡಿಯವನ ಜಾಗದಲ್ಲಿ ಮೂವತ್ತು ವರ್ಷ ಕೂತವನು. ಈಗ ಮಗ ನೋಡ್ಕೋತಾನೆ. ಅದಕ್ಕೇ ನಿನ್ನ ಪ್ರಶ್ನೆ ಓದಿ ಸುಮ್ಮನಿರೋಕಾಗಲಿಲ್ಲ.

ನಾನು ಅಂಗಡಿ ತೆಗೆದದ್ದು 1988ರಲ್ಲಿ, ಪೂಲಿನ ಕಾಲ. ಬೆಳೆಗಾರ ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿನ ಪೂಲಿಗೆ, ಅಂದ್ರೆ ಒಟ್ಟು ರಾಶಿಗೆ, ಹಾಕಬೇಕಿತ್ತು, ನಮಗೆ ಬೀಜ ಬೇಕಂದ್ರೆ ಬೋರ್ಡಿನ ಹರಾಜಿನ ಬೀಜವೇ ಗತಿ. ನಿಮ್ಮಪ್ಪ ಆಗ ತನ್ನ ಬೀಜ ತಾನೇ ಹುರಿದು ಹಾಸನದಲ್ಲಿ ಮಾರ್ತೀನಿ ಅಂದಿದ್ರೆ ಕಾನೂನೇ ಬಿಡ್ತಿರಲಿಲ್ಲ. 1992ರಲ್ಲಿ ಬೆಳೆಯ ಒಂದು ಪಾಲು, ನೂರಕ್ಕೆ ಮೂವತ್ತು, ದೇಶದೊಳಗೆ ನೇರ ಮಾರಬಹುದು ಅಂತ ಬಿಟ್ಟರು. 1996ರ ಹೊತ್ತಿಗೆ ಪೂರ್ತಿ ಬಿಟ್ಟರು. ಅಲ್ಲಿಗೆ ನಮ್ಮ ಸುತ್ತ ಇದ್ದ ಬೇಲಿ ಹೋಯ್ತು. ತೋಟದ ಮಕ್ಕಳು ಪುಡಿ ಅಂಗಡಿ ಇಡೋಕೆ ಶುರು ಮಾಡಿದ್ದು ಆಮೇಲೆ. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ಬಂದದ್ದೂ ಅದೇ 1996ರಲ್ಲಿ, ಅದೂ ನಮ್ಮ ಜಿಲ್ಲೆಯ ತೋಟದ ಮನೆಯಿಂದ ಹೋದವರದ್ದೇ.

2003ರಲ್ಲಿ ಬಸವನಹಳ್ಳಿ ಕಡೆ ಒಬ್ಬ ಹುಡುಗ ಪುಡಿ ಅಂಗಡಿ ಇಟ್ಟ. ದಿನಕ್ಕೆ ನಾಲ್ಕು ಕಿಲೋ ಮಾರ್ತಿದ್ದ. ನನಗೆ ತಡೆಯಲಿಲ್ಲ, ಕಿಲೋಗೆ 10 ರೂಪಾಯಿ ಇಳಿಸಿದೆ. ನನ್ನ ಮಾರಾಟ ದಿನಕ್ಕೆ 45 ಕಿಲೋ. ಇಪ್ಪತ್ತನೇ ರಾತ್ರಿ ಮನೆಯಾಕೆ ಲೆಕ್ಕದ ಪುಸ್ತಕ ತಂದು ಮುಂದಿಟ್ಟು, "ಒಂಬತ್ತು ಸಾವಿರ ಕಡಿಮೆ ಬಂದಿದೆ, ಯಾರಿಗೆ ಕೊಟ್ರಿ?" ಅಂದಳು. ಆ ಹುಡುಗನ ನಾಲ್ಕು ಕಿಲೋದಲ್ಲಿ ನನ್ನ ಕಡೆ ಬಂದದ್ದು ಹೆಚ್ಚಂದ್ರೆ ಒಂದು ಕಿಲೋ. ಅದಕ್ಕಾಗಿ ನಾನು ನನ್ನ 45 ಕಿಲೋ ಮೇಲೂ ಹತ್ತತ್ತು ರೂಪಾಯಿ ಬಿಟ್ಟಿದ್ದೆ. ನನ್ನನ್ನ ಬಿಟ್ಟು ಎಲ್ಲೂ ಹೋಗದ ಗಿರಾಕಿಗೂ ಬಿಟ್ಟಿದ್ದೆ. ಮಾರನೇ ದಿನ ರೇಟು ಮೊದಲಿನ ಹಾಗೆ ಮಾಡಿದೆ. ಅವನ ಅಂಗಡಿ ಈಗಲೂ ಇದೆ.

ಈಗ ನಿನ್ನ ವಿಷಯ. ಅವರು ಎಷ್ಟು ಮಾರ್ತಾರೆ ಅಂತ ಯಾರನ್ನೂ ಕೇಳಬೇಡ, ಹುರಿಯೋ ವಾಸನೆ ದಿನಕ್ಕೆ ಎಷ್ಟು ಸಲ ಬರುತ್ತೆ ನೋಡು. ಆ ಕಾಲದ ಡ್ರಮ್ಮು ಸಾಮಾನ್ಯ 25 ಕಿಲೋದ್ದು. ಎರಡು ಸಲ ಹುರಿದರೆ ಹಸಿ ಬೀಜ 50 ಕಿಲೋ, ಹುರಿದದ್ದು 41 ಕಿಲೋ ಮೇಲೆ, ಚಿಕೋರಿ ಸೇರಿ ಪುಡಿ ಹತ್ತಿರ ಹತ್ತಿರ 60 ಕಿಲೋ. 60 ಕಿಲೋಗೂ 70 ಇಳಿಸಿದ್ದರೆ ತಿಂಗಳಿಗೆ ಒಂದು ಲಕ್ಷದ ಮೇಲೆ ಕೈಬಿಟ್ಟಂಗೆ. ಅಷ್ಟು ನಷ್ಟವನ್ನ ಬಹಳ ದಿನ ಯಾರೂ ತಡ್ಕೊಳ್ಳಲ್ಲ.

ಆದ್ರೆ ಒಂದು ಮಾತು ಗಮನಿಸು. ಮೂರು ತಿಂಗಳು ಅವರು ನಿನ್ನನ್ನ ಮಾತಾಡಿಸಿಕೊಂಡೇ ಇದ್ದರು. ಅವರಿಗೆ ಎಚ್ಚರ ಆದದ್ದು ನಿನ್ನ ಅಂಗಡಿಯಿಂದಲ್ಲ, ನೀನು ಹೋಟೆಲಿಗೆ ಕೈ ಹಾಕಿದ್ದರಿಂದ. ಹಳೇ ಅಂಗಡಿಯ ಜೀವ ಇರೋದು ಹೋಟೆಲಲ್ಲಿ. ಇನ್ನೊಂದು ಮುಖ್ಯ: ಕರಿಹಲಗೆಯ 530 ಹೋಟೆಲಿನ ಬಿಲ್ಲಿಗೂ ಇದೆಯಾ ಅಂತ ತಿಳ್ಕೋ. ಹಲಗೆ ಮೇಲೆ ಮಾತ್ರ ಇಳಿಸಿ, ಬಿಲ್ಲಲ್ಲಿ ಹಳೇ ರೇಟೇ ಹಾಕ್ತಿದ್ರೆ ನಾನು ಮೇಲೆ ಹೇಳಿದ್ದೆಲ್ಲ ಕಡಿಮೆ ಬೀಳುತ್ತೆ. ನಾನು ಅವತ್ತು ಎಲ್ಲರಿಗೂ ಇಳಿಸಿ ಕೈ ಸುಟ್ಕೊಂಡೆ.

ಅರ್ಥಶಾಸ್ತ್ರದ ಮೇಷ್ಟ್ರು, ಹಾಸನ

ಮೇಡಂ, ಮೇಲಿನ ಹಿರಿಯರು ಅನುಭವದಿಂದ ಹೇಳಿದ್ದನ್ನೇ ನಾವು ತರಗತಿಯಲ್ಲಿ ಬೇರೆ ಹೆಸರಿಟ್ಟು ಪಾಠ ಮಾಡುತ್ತೇವೆ. 1983ರಲ್ಲಿ ಗೆಲ್ಮನ್ ಮತ್ತು ಸ್ಯಾಲಪ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಜೂಡೋ ಅರ್ಥಶಾಸ್ತ್ರ ಎಂದು ಕರೆದರು. ಜೂಡೋದಲ್ಲಿ ಎದುರಾಳಿಯ ತೂಕವನ್ನೇ ಅವನ ವಿರುದ್ಧ ಬಳಸುತ್ತಾರಲ್ಲ, ಹಾಗೆ. ಹೊಸಬ ತಾನು ಇಷ್ಟಕ್ಕಿಂತ ಹೆಚ್ಚು ಮಾರಲಾರೆ ಎಂದು ಎದುರಿನವನಿಗೆ ಸ್ಪಷ್ಟವಾಗಿ ಕಾಣುವಂತೆ ಸಣ್ಣವನಾಗಿದ್ದರೆ, ಹಳಬನಿಗೆ ಎಲ್ಲ ಗಿರಾಕಿಗಳಿಗೂ ರೇಟು ಇಳಿಸುವುದಕ್ಕಿಂತ ಆ ಸಣ್ಣ ಪಾಲನ್ನು ಬಿಟ್ಟುಕೊಡುವುದೇ ಲಾಭ.

ಆದ್ದರಿಂದ ನಿಮ್ಮ 5 ಕಿಲೋ ರೋಸ್ಟರನ್ನು ಕೊರತೆ ಎಂದುಕೊಳ್ಳಬೇಡಿ, ಸದ್ಯಕ್ಕೆ ಅದೇ ನಿಮಗೆ ರಕ್ಷೆ. 15 ಕಿಲೋ ರೋಸ್ಟರ್ ಬಂದು ಇಳಿದ ದಿನ ಬೀದಿಯ ಎಲ್ಲರೂ ನೋಡುತ್ತಾರೆ. ಸಾಲದ ಕಂತು ಕಟ್ಟಲು ನೀವು ಹೋಟೆಲುಗಳಿಗೆ ಹೋಗಲೇಬೇಕು ಎಂಬುದು ಅವರಿಗೂ ಗೊತ್ತಾಗುತ್ತದೆ. ಆಮೇಲೆ ಅವರಿಗೆ ಸುಮ್ಮನಿರಲು ಕಾರಣವೇ ಉಳಿಯುವುದಿಲ್ಲ.

ನಮ್ಮ ದೇಶದ್ದೇ ದೊಡ್ಡ ಉದಾಹರಣೆ ನಿರ್ಮಾ. ಕರ್ಸನ್‌ಭಾಯಿ ಪಟೇಲ್ 1969ರಲ್ಲಿ ಅಹಮದಾಬಾದಿನಲ್ಲಿ ಸೈಕಲ್ಲಿನ ಮೇಲೆ ಮಾರಲು ಶುರು ಮಾಡಿದ ಬಟ್ಟೆ ಒಗೆಯುವ ಪುಡಿ. ಬೆಲೆ ಸರ್ಫ್‌ಗೆ ಹೋಲಿಸಿದರೆ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅದಕ್ಕೆ ಸರಿಗಟ್ಟಲು ಸರ್ಫ್ ಬೆಲೆ ಇಳಿಸಿದ್ದರೆ ಹಿಂದೂಸ್ತಾನ್ ಲಿವರ್ ತನ್ನದೇ ಲಾಭವನ್ನು ಕಳೆದುಕೊಳ್ಳಬೇಕಿತ್ತು. ನಿರ್ಮಾ ದೇಶವೆಲ್ಲ ಹಬ್ಬಿದ ಮೇಲೆಯೇ, ಎಂಬತ್ತರ ದಶಕದ ಕೊನೆಯ ಹೊತ್ತಿಗೆ, ಅವರು ವೀಲ್ ಎಂಬ ಬೇರೆಯೇ ಅಗ್ಗದ ಪುಡಿ ತಂದರು. ಆ ಹೊತ್ತಿಗೆ ನಿರ್ಮಾ ಅಲುಗಾಡದಷ್ಟು ಬೆಳೆದಿತ್ತು.

ಕಾನೂನಿನ ಬಗ್ಗೆ. 2002ರ ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ, ಸ್ಪರ್ಧಿಗಳನ್ನು ಹೊರಗಟ್ಟಲೆಂದು ವೆಚ್ಚಕ್ಕಿಂತ ಕಡಿಮೆಗೆ ಮಾರುವುದು ತಪ್ಪು. ಆದರೆ ಅದಕ್ಕೆ ಎರಡು ಬೇಕು: ಮಾರುವವನು ಮಾರುಕಟ್ಟೆಯಲ್ಲಿ ಪ್ರಬಲ ಸ್ಥಾನದಲ್ಲಿರಬೇಕು, ಬೆಲೆ ವೆಚ್ಚದ ಕೆಳಗಿರಬೇಕು. 2017ರಲ್ಲಿ ಜಿಯೋದ ಉಚಿತ ಸೇವೆಯ ಮೇಲೆ ಏರ್‌ಟೆಲ್ ಕೊಟ್ಟ ದೂರನ್ನು ಸ್ಪರ್ಧಾ ಆಯೋಗ ತಳ್ಳಿಹಾಕಿತು, ಹೊಸದಾಗಿ ಬಂದ ಕಂಪನಿ ಪ್ರಬಲವಲ್ಲ ಎಂದು. ಅದೇ ಆಯೋಗ 2011ರಲ್ಲಿ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿಗೆ 55.5 ಕೋಟಿ ದಂಡ ಹಾಕಿತ್ತು. ಕರೆನ್ಸಿ ವಹಿವಾಟಿಗೆ ಅದು ಶುಲ್ಕವನ್ನೇ ತೆಗೆದುಕೊಳ್ಳದೆ ಹೊಸ ಎಕ್ಸ್‌ಚೇಂಜಿನ ದಾರಿ ಕಟ್ಟಿತ್ತು. ನಿಮ್ಮ ಎದುರಿನವರ ಅಸಲು ನಿಮ್ಮಷ್ಟೇ ಎಂದುಕೊಂಡರೂ 530 ಅದಕ್ಕಿಂತ 90 ಮೇಲಿದೆ. ಅದು ಸ್ಪರ್ಧೆ, ತಪ್ಪಲ್ಲ. ದೂರಿನ ದಾರಿಯನ್ನು ಮರೆತುಬಿಡಿ.

ಹಾಗಾದರೆ ಅವರು ಯಾಕೆ ಕೈ ಕಚ್ಚಿಕೊಳ್ಳುತ್ತಿದ್ದಾರೆ? ಬಹುಶಃ ನಿಮಗಾಗಿ ಅಲ್ಲ. ಮುಂದೆ ಬರುವವನಿಗೆ ಗೊತ್ತಾಗಲಿ ಎಂದು. ಸೆಲ್ಟೆನ್ ಎಂಬ ಅರ್ಥಶಾಸ್ತ್ರಜ್ಞರು 1978ರಲ್ಲಿ ಇದೇ ಒಗಟನ್ನು ಸರಣಿ ಅಂಗಡಿಗಳ ಉದಾಹರಣೆಯಲ್ಲಿ ಬಿಡಿಸಿಟ್ಟಿದ್ದರು: ಒಬ್ಬೊಬ್ಬ ಹೊಸಬನನ್ನೇ ಲೆಕ್ಕ ಹಾಕಿದರೆ ಜಗಳ ನಷ್ಟ, ಆದರೂ ಜಗಳಗಂಟ ಎಂಬ ಹೆಸರಿಗೆ ಬೆಲೆ ಇದೆ. ಆದರೆ ಇಲ್ಲಿ ಒಂದು ತೊಡಕು. ನೀವು ಮುಚ್ಚಿದರೆ ನಿಮ್ಮ ರೋಸ್ಟರ್ ಕರಗಿ ಹೋಗುವುದಿಲ್ಲ. ಅದನ್ನು ಅರ್ಧ ಬೆಲೆಗೆ ಕೊಂಡವನು ಇದೇ ಹಾಸನದಲ್ಲಿ ನಿಮಗಿಂತ ಕಡಿಮೆ ಬಂಡವಾಳದಲ್ಲಿ ಅಂಗಡಿ ತೆಗೆಯುತ್ತಾನೆ. ನಿಮ್ಮ 7 ಲಕ್ಷದಲ್ಲಿ ಮರಳಿ ಬಾರದ್ದು ಆ ವೈರಿಂಗು, ಕೊಳವೆ, ಬಣ್ಣದ 1.3 ಲಕ್ಷ ಮತ್ತು ಯಂತ್ರಗಳ ಬೆಲೆಯ ಸವಕಳಿ. ಅದು ಹೋಗಿಯಾಯಿತು. ಅದಕ್ಕಾಗಿ ಮುಂದುವರಿಯಲೂ ಬೇಡಿ, ಅದನ್ನು ನೆನೆದು ಮುಚ್ಚಲೂ ಬೇಡಿ. ತಿಂಗಳ 5,200 ಮುಚ್ಚುವ ದಾರಿ ಇದೆಯೇ ಎಂದಷ್ಟೇ ನೋಡಿ.

ಬಿ.ಎಂ. ರಸ್ತೆ ಹೋಟೆಲಿನವ

ಎಲ್ಲರೂ ಆಯಮ್ಮನ್ನ ಸಣ್ಣವಳಾಗೇ ಇರು ಅಂತಿದ್ದೀರ. ನಾನು ಒಪ್ಪಲ್ಲ. ನಮ್ಮ ಹೋಟೆಲಿಗೆ ದಿನಕ್ಕೆ 8 ಕಿಲೋ ಬೇಕು, ಒಬ್ಬರನ್ನೇ ನಂಬಿದರೆ ಅವರು ಹೇಳಿದ್ದೇ ರೇಟು. ಹೊಸಬರು ಬರಲಿ ಅಂತಲೇ ನಾವು ಕಾಯೋದು.

ಆದ್ರೆ ಅಕ್ಕ, ಹೋಟೆಲು ಯಾಕೆ ಪುಡಿ ಬದಲಿಸಲ್ಲ ಅಂತ ತಿಳ್ಕೊಳ್ಳಿ. ರೇಟಿಗಲ್ಲ. ಪುಡಿ ಬದಲಾದ ದಿನ ಡಿಕಾಕ್ಷನ್ ಇಳಿಯೋ ಹೊತ್ತೇ ಬೇರೆ ಆಗುತ್ತೆ, ಕಾಫಿ ಮಾಸ್ಟರ್ ಹಾಲಿನ ಅಳತೆ ತಪ್ಪುತ್ತಾನೆ, ಬೆಳಿಗ್ಗೆ ಆರು ಗಂಟೆಯ ಗಿರಾಕಿ ಒಂದು ಗುಟುಕಿಗೇ "ಏನ್ರೀ ಇದು" ಅಂತಾನೆ. ಆಮೇಲೆ ಉದ್ರಿ. ನಮಗೆ ಹಳಬರು ತಿಂಗಳ ಉದ್ರಿ ಕೊಡ್ತಾರೆ. ನೀವು ಕೊಟ್ಟರೆ ನಾನು ಅರ್ಧ ನಿಮ್ಮ ಹತ್ತಿರ ತಗೋತೀನಿ. ಆ 530ರ ಪ್ಯಾಕೆಟ್ಟಿನ ಮೇಲೆ ಚಿಕೋರಿ ಎಷ್ಟು ಅಂತ ಬರೆದಿದೆ, ಅದನ್ನೂ ನೋಡಿ. ಅದು ಬರೀಲೇಬೇಕು, ಕಾಫಿ ನೂರಕ್ಕೆ 51ರ ಕೆಳಗೆ ಹೋಗಂಗಿಲ್ಲ. 60:40 ಮಾಡಿದ್ರೆ ಅಸಲು ಕಿಲೋಗೆ 40 ರೂಪಾಯಿ ಇಳಿಯುತ್ತೆ.

ಸಾಲಗಾಮೆ ರಸ್ತೆ ಕಾಫಿಪುಡಿ, ಹಾಸನ

ಉತ್ತರ ತಡವಾಯ್ತು. ನೀವು ಹೇಳಿದ್ದನ್ನೆಲ್ಲ ಒಂದೊಂದಾಗಿ ನೋಡಿಕೊಂಡು ಬರೆಯೋಣ ಅಂತ ಮೂರು ವಾರ ತಗೊಂಡೆ.

ಪ್ಯಾಕೆಟ್ ತರಿಸಿ ನೋಡಿದೆ. 70:30 ಅಂತಲೇ ಇದೆ, ಕುಡಿದರೂ ಹಾಗೇ ಇದೆ. ಅವರು ಪುಡಿಯಲ್ಲಿ ಏನೂ ತಪ್ಪು ಮಾಡಿಲ್ಲ, ಇದನ್ನ ಹೇಳಲೇಬೇಕು. ವಾಸನೆ ದಿನಕ್ಕೆ ಎರಡು ಸಲವೇ ಬರುತ್ತೆ, ಬೆಳಿಗ್ಗೆ ಏಳಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ. ಹಳಬರ ಲೆಕ್ಕ ಸರಿ.

ಹೋಟೆಲ್ ಬಿಲ್ಲಿನ ಅನುಮಾನವೂ ಸರಿ. ನಮ್ಮ ಚಿಕ್ಕಪ್ಪನ ಮಗ ಕ್ಯಾಂಟೀನ್ ನಡೆಸ್ತಾನೆ, ಅವನ ಬಿಲ್ಲಲ್ಲಿ ಇವತ್ತಿಗೂ 600. ಅಂದ್ರೆ ಇಳಿದಿರೋದು ಕೌಂಟರಿನ ಸುಮಾರು 20 ಕಿಲೋಗೆ ಮಾತ್ರ. ಅವರು ತಿಂಗಳಿಗೆ ಬಿಡ್ತಿರೋದು ಲಕ್ಷ ಅಲ್ಲ, 36,400. ನಾನು ಮುಚ್ಚಿ ನನ್ನ ಹಳೇ 8 ಕಿಲೋ ಪೂರ್ತಿ ಅವರಿಗೆ ಹೋದರೆ ತಿಂಗಳಿಗೆ 33,000 ಸಿಗುತ್ತೆ. ಅಂದ್ರೆ ಈಗ ಒಂದು ತಿಂಗಳಲ್ಲಿ ಬಿಟ್ಟದ್ದು, ನಾನು ಮುಚ್ಚಿದ ಮೇಲೆ ಹೆಚ್ಚುಕಡಿಮೆ ಒಂದು ತಿಂಗಳಲ್ಲೇ ಅವರಿಗೆ ವಾಪಸ್ ಬರುತ್ತೆ. ಈ ಎರಡು ಅಂಕಿ ಅಕ್ಕಪಕ್ಕ ಬರೆದು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರು ಇನ್ನೂ ಆರು ತಿಂಗಳು ತಡೆಯಬಹುದು. ತಡೆಯೋದೇ ಇಲ್ಲ ಅಂತ ನಂಬಿ ಕೂತಿದ್ದರೆ ಮೋಸ ಹೋಗ್ತಿದ್ದೆ.

ಆದ್ದರಿಂದ ಅವರು ಯಾವಾಗ ನಿಲ್ಲಿಸ್ತಾರೆ ಅಂತ ಕಾಯೋದು ಬಿಟ್ಟೆ. ರೇಟು 600 ಹಾಗೇ ಇಟ್ಟಿದ್ದೀನಿ. ಸಾಲ ಬೇಡ ಅಂತ ಬ್ಯಾಂಕಿಗೆ ಹೇಳಿ ಬಂದೆ. ಮನೆಯಲ್ಲಿ ಎರಡು ದಿನ ಮಾತಿಲ್ಲ, ಆಮೇಲೆ ಲೆಕ್ಕ ತೋರಿಸಿದೆ, ಗಂಡನೂ ಒಪ್ಪಿದರು. ಹೋಟೆಲಿನಣ್ಣ, ನಿಮ್ಮ ಮಾತಿಗೆ ತುಂಬಾ ಥ್ಯಾಂಕ್ಸ್. ದಿನಕ್ಕೆ 4 ಕಿಲೋ, ಒಂದು ತಿಂಗಳ ಉದ್ರಿ ಅಂದ್ರೆ ಅಸಲೇ 45 ಸಾವಿರದ ಮೇಲೆ ನಿಮ್ಮಲ್ಲಿ ನಿಲ್ಲುತ್ತೆ. ನನ್ನ ಹತ್ತಿರ ಅಷ್ಟಿಲ್ಲ. ವಾರಕ್ಕೊಮ್ಮೆ ನಗದು ಕೊಡೋದಾದರೆ ಹೇಳಿ, ಒಂದು ಕಿಲೋ ಹಾಕ್ತೀನಿ, ಅದಕ್ಕಿಂತ ಹೆಚ್ಚಿಲ್ಲ.

ಅವರ ಅಂಗಡಿಯಲ್ಲಿ ಇಲ್ಲದ್ದು ಏನು ಅಂತ ನೋಡಿದಾಗ ಕಂಡದ್ದು ಚಿಕೋರಿ ಇಲ್ಲದ ಪುಡಿ. ಅಪ್ಪನ ದಿಬ್ಬದ ಅರೇಬಿಕಾ ಅರ್ಧ, ರೋಬಸ್ಟಾ ಅರ್ಧ, ಗಿರಾಕಿ ಎದುರಿಗೇ ಅರೆದು ಕೊಡ್ತೀನಿ. ಅಸಲು 564, ಮಾರೋದು 760. ಕಳೆದ ವಾರ 9 ಕಿಲೋ ಹೋಯ್ತು. ಅದರಲ್ಲಿ 4 ಕಿಲೋ ಮೊದಲು ನನ್ನ ಹತ್ತಿರವೇ 70:30 ತಗೋತಿದ್ದವರದ್ದು, ಅವರಿಂದ ಹೆಚ್ಚಿಗೆ ಬಂದದ್ದು ಕಿಲೋಗೆ 36 ಅಷ್ಟೆ. ಹೊಸಬರದ್ದು 5 ಕಿಲೋ. ಎಲ್ಲ ಸೇರಿ ವಾರಕ್ಕೆ 1,124. ಹೀಗೇ ನಡೆದರೆ ತಿಂಗಳ ಕೊರತೆ 700ಕ್ಕೆ ಬರುತ್ತೆ.

ಹಳಬರಿಗೆ ಒಂದು ಪ್ರಶ್ನೆ. ಅರೇಬಿಕಾದಲ್ಲಿ ಪೀಬರಿ (ಹಣ್ಣಿನೊಳಗೆ ಎರಡರ ಬದಲು ಒಂದೇ ಆಗೋ ಗುಂಡು ಬೀಜ) ಬೇರೆ ಮಾಡಿ ಹುರಿಯೋಣ ಅಂತಿದ್ದೀನಿ. ತಿಂಗಳಿಗೆ ಹತ್ತು ಹನ್ನೆರಡು ಕಿಲೋಗೆ ಕ್ಯೂರಿಂಗ್ ವರ್ಕ್ಸಿನವರು (ಬೀಜದ ಸಿಪ್ಪೆ ತೆಗೆದು ವಿಂಗಡಿಸೋರು) ಬಾಗಿಲೇ ತೆಗೆಯಲ್ಲ. ಮನೆಯಲ್ಲೇ ಆಗುತ್ತಾ?

ಮಾರ್ಕೆಟ್ ರಸ್ತೆ ಹಳಬ, ಚಿಕ್ಕಮಗಳೂರು

ಆಗುತ್ತಮ್ಮ. ಮೂರಡಿ ಉದ್ದದ ನುಣುಪು ತಗಡು ತಗೊಂಡು ಸ್ವಲ್ಪ ಇಳಿಜಾರಾಗಿ ಒರಗಿಸು. ಮೇಲಿಂದ ಒಂದೊಂದು ಹಿಡಿ ಬೀಜ ಮೆಲ್ಲಗೆ ಬಿಡು. ಪೀಬರಿ ಗುಂಡಗಿರುತ್ತೆ, ಉರುಳಿ ಕೆಳಗೆ ಹೋಗುತ್ತೆ. ಚಪ್ಪಟೆ ಬೀಜ ಅಲ್ಲೇ ನಿಲ್ಲುತ್ತೆ, ಅದನ್ನ ಕೈಯಲ್ಲಿ ಸವರಿ ತೆಗಿ. ಇಳಿಜಾರು ಜಾಸ್ತಿಯಾದ್ರೆ ಎಲ್ಲವೂ ಜಾರುತ್ತೆ, ತಗಡಿನ ಕೆಳಗೆ ಒಂದು ಇಟ್ಟಿಗೆ ಮಲಗಿಸಿಟ್ಟು ನೋಡು. ಪೀಬರಿಯನ್ನ ಬೇರೆಯಾಗೇ ಹುರಿ, ಚಪ್ಪಟೆ ಬೀಜದ ಜೊತೆ ಹಾಕಿದರೆ ಒಂದು ಹದವಾಗೋ ಹೊತ್ತಿಗೆ ಇನ್ನೊಂದು ಕಪ್ಪಾಗುತ್ತೆ.